ಎಡಗಾಲಿನ ಆಣಿ

ಎಡಗಾಲನ್ನು ಎಲ್ಲಿಡಬೇಕು ಎನ್ನುವುದೊಂದೇ ಬೆಳಗಿನಿಂದ ರಾಚಯ್ಯನ ಯೋಚನೆಯಾಗಿತ್ತು. ನರಸೀಪುರದ ಪೇಟೆ ಬೀದಿ ಮುಗಿದು ಹೊಳೆಯ ಕಡೆ ಇಳಿಯುವ ದಾರಿಯಲ್ಲಿ ಸಣ್ಣ ಕಲ್ಲು, ಒಣಗಿದ ಸಗಣಿ, ಗಾಡಿಯ ಚಕ್ರ ಕೊರೆದ ಎರಡು ಗೆರೆ. ಗೆರೆಯೊಳಗಿನ ಮಣ್ಣು ಹಿಟ್ಟಿನಷ್ಟು ನುಣ್ಣಗಿತ್ತು. ಆದರೆ ಮರದ ಹಾವುಗೆಗೆ ಹಿಟ್ಟೂ ಒಂದೇ, ಕಲ್ಲೂ ಒಂದೇ. ಹಲಗೆ ನೆಲಕ್ಕೆ ಟಕ್ಕೆಂದರೆ ಸಾಕು, ಹೆಬ್ಬೆರಳಿನ ಬುಡದಿಂದ ಎರಡು ಬೆರಳು ಕೆಳಗೆ, ಅಂಗಾಲಿನಲ್ಲಿ, ಯಾರೋ ಒಳಗೆ ಕೂತು ಮೊಳೆ ಬಡಿದಂತಾಗುತ್ತಿತ್ತು. ಆಣಿ. ಆ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳಲೂ ಅವನಿಗೆ ನಾಚಿಕೆ. ರೈತರಿಗೆ ಆಣಿಯಾಗುತ್ತದೆ, ಮೂಟೆ ಹೊರುವವರಿಗೆ ಆಗುತ್ತದೆ. ಸೋಮವಾರ ಸೋಮವಾರ ಭಕ್ತರು ತೊಳೆದು, ವಿಭೂತಿ ಬಳಿದು, ಬಿಲ್ವಪತ್ರೆಯೇರಿಸಿ, ತೊಳೆದ ನೀರನ್ನು ಪಾದೋದಕವೆಂದು ಅಂಗೈಯಲ್ಲಿ ಹಿಡಿದು ಕುಡಿಯುವ ಜಂಗಮನ ಕಾಲಿಗೆ ಆಣಿಯಾಗುವುದೆಂದರೇನು? ದೇವರ ಮೂರ್ತಿಗೆ ಕಜ್ಜಿಯಾದ ಹಾಗೆ. ನಂಜನಗೂಡಿನ ತನ್ನ ಪುಟ್ಟ ಮಠದಲ್ಲಿ ಆರು ವರ್ಷದಿಂದ ಅವನು ಆ ಕಾಲನ್ನು ಕಳ್ಳಮಾಲು ಬಚ್ಚಿಡುವ ಹಾಗೆ ಬಚ್ಚಿಟ್ಟಿದ್ದ. ಕೂತರೆ ಬಲಗಾಲಿನ ಕೆಳಗೆ, ಮಲಗಿದರೆ ಕಂಬಳಿಯೊಳಗೆ. ಈಗಲೂ, ಪಾದಪೂಜೆಗೆಂದು ಹಿಂದಿನ ದಿನವೇ ಬಂದಿಳಿದಿದ್ದ ನರಸೀಪುರದ ಭಕ್ತರ ಮನೆಯಿಂದ, ಸಂಗಮದಲ್ಲಿ ಸ್ನಾನ ಮಾಡಿ ಬರುತ್ತೇನೆಂದು ಹೆಂಡತಿ ಮಲ್ಲಾಜಮ್ಮನಿಗೆ ಸುಳ್ಳು ಹೇಳಿ ಹೊರಟವನು. ಪತ್ರೆ ಆರಿಸುತ್ತಿದ್ದ ಅವಳು ತಲೆಯೆತ್ತದೆ, "ಬೇಗ ಬನ್ನಿ, ನಡೆಯೋ ದಾರಿ ದೂರ ಅಲ್ವಾ" ಎಂದಿದ್ದಳು. ಆ 'ನಡೆಯೋ' ಎಂಬಲ್ಲಿ ಅವಳ ದನಿ ಒಂದಿಷ್ಟು ನಿಂತಿತೇ? ಇಲ್ಲ, ತನ್ನ ಭ್ರಮೆ. ಕಾಲು ನೋಯುವವನಿಗೆ ಊರಿನವರ ಮಾತೆಲ್ಲ ಕಾಲಿನ ಮಾತೇ.

ಮಧ್ಯಾಹ್ನಕ್ಕೆ ಪುಟ್ಟಬಸವಯ್ಯನ ಮನೆಯಲ್ಲಿ ಪಾದಪೂಜೆ. ಪುಟ್ಟಬಸವಯ್ಯ ನರಸೀಪುರದ ದೊಡ್ಡ ಕಾಳಿನ ವ್ಯಾಪಾರಿ. ಹೊಳೆಯ ದಡದಲ್ಲಿ ಹೊಸದಾಗಿ ಕಲ್ಲಿನ ಮಠ ಕಟ್ಟಿಸಿದ್ದ. ಪೂಜೆ ಮುಗಿದ ಮೇಲೆ ನಾಲ್ಕೂರಿನ ಜನರೆದುರು ರಾಚಯ್ಯನನ್ನೇ ಅಲ್ಲಿನ ಗದ್ದುಗೆಗೆ ಕೂರಿಸುವುದೆಂದು ನಿಶ್ಚಯವಾಗಿತ್ತು. ತನಗೇ ಯಾಕೆ? ತನಗಿಂತ ಓದಿದ ಅಯ್ಯನವರಿದ್ದರು, ಹಾಡುವವರಿದ್ದರು. ಆದರೆ ಯಾರಿಗೂ ಕಣ್ಣೀರು ಬರುತ್ತಿರಲಿಲ್ಲ. 'ಭಕ್ತ ಹಣೆ ಇಟ್ಟ ಅಂದ್ರೆ ಅಯ್ಯನೋರ ಕಣ್ಣಲ್ಲಿ ಗಂಗೆ' ಎಂಬ ಮಾತು ಕವಲಂದೆಯಿಂದ ಸೋಸಲೆಯವರೆಗೆ ಹಬ್ಬಿತ್ತು. ಅದು ಶುರುವಾದದ್ದು ದೊಡ್ಡ ಪ್ಲೇಗು ಮುಗಿದ ಮಾರನೆಯ ವರ್ಷ. ಇಬ್ಬರು ಮಕ್ಕಳನ್ನು ಮಣ್ಣು ಮಾಡಿದ ಒಬ್ಬ ತಾಯಿ ಅವನ ಎಡಗಾಲಿನ ಮೇಲೆ ತಲೆಯ ಭಾರವನ್ನೆಲ್ಲ ಬಿಟ್ಟು ಬಿದ್ದಳು. ಮೇಲೆ ಹಣೆ, ಕೆಳಗೆ ಮಣೆ, ನಡುವೆ ಆಗತಾನೆ ಬೇರು ಬಿಡುತ್ತಿದ್ದ ಆಣಿ. ಕಣ್ಣಿನಿಂದ ನೀರು ಬಳಬಳನೆ ಇಳಿಯಿತು. ಸುತ್ತ ನಿಂತವರು ಹರಹರ ಎಂದರು. ಆ ಹೆಂಗಸು ತಲೆಯೆತ್ತಿ ಅವನ ಕೆನ್ನೆ ನೋಡಿ, ಎಷ್ಟೋ ದಿನಕ್ಕೆ ಮೊದಲ ಸಲ, ಸಮಾಧಾನದ ಉಸಿರು ಬಿಟ್ಟಳು. ಆವತ್ತೇ ಹೇಳಬಹುದಿತ್ತು. ಏನೆಂದು ಹೇಳುವುದು? 'ತಾಯಿ, ಇದು ನಿನ್ನ ಮಕ್ಕಳಿಗಲ್ಲ, ನನ್ನ ಅಂಗಾಲಿಗೆ' ಎಂದೇ? ನಾಲಗೆ ಏಳಲಿಲ್ಲ. ಒಂದು ಸಲ ಏಳದ ನಾಲಗೆ ಆಮೇಲೆ ಮಲಗೇ ಬಿಟ್ಟಿತು. ಮುಂದಿನ ಸೋಮವಾರ ಹತ್ತು ಜನ, ಅದರ ಮುಂದಿನದಕ್ಕೆ ಐವತ್ತು. ಒಬ್ಬೊಬ್ಬನೂ ಅಯ್ಯನವರನ್ನು ಅಳಿಸಲೆಂದೇ ಹಿಂದಿನವನಿಗಿಂತ ಬಿರುಸಾಗಿ ಹಣೆಯೊತ್ತುವನು. ನಡುವೆ ಕೆಲವು ಸಲ, ನಿಜವಾಗಿಯೂ ಯಾರದೋ ಕಷ್ಟ ಕೇಳಿ ಎದೆ ಹಿಂಡಿದಾಗ, ಈ ನೀರು ಯಾವುದರದ್ದು ಎಂದು ಅವನಿಗೇ ತಿಳಿಯದೆ, ತನ್ನ ಕರುಣೆಯ ಮೇಲೆ ತನಗೇ ಅನುಮಾನ ಹುಟ್ಟಿ, ಅದಕ್ಕೂ ಅಳು ಬರುತ್ತಿತ್ತು.

ವಾಸಿ ಮಾಡಿಸಿಕೊಳ್ಳಲು ನೋಡಲಿಲ್ಲವೆಂದಲ್ಲ. ನಂಜನಗೂಡಿನ ಪೇಟೆಯ ದವಾಖಾನೆಗೆ ಹೋಗಿ ಜಗಲಿಯಲ್ಲಿ ಕೂತ. ಕಂಪೌಂಡರು ಎಲ್ಲರಿಗೂ ಕೇಳುವಂತೆ "ನಿಮಗೇನಯ್ನೋರೆ?" ಎಂದದ್ದೇ, "ಕೆಮ್ಮು" ಎಂದುಬಿಟ್ಟ. ಇಲ್ಲದ ಕೆಮ್ಮಿಗೆ ಕೊಟ್ಟ ಕೆಂಪು ಔಷಧವನ್ನು ಮೂರು ದಿನ ಕುಡಿದ. ಮಲ್ಲಾಜಮ್ಮ ಪಕ್ಕದಲ್ಲಿ ಕೂತು ಎದೆಗೆ ಎಣ್ಣೆ ನೀವಿದಳು. ಎದೆಗೆ! ಸೋಸಲೆಯ ಕಡೆಯ ಪಂಡಿತರೊಬ್ಬರ ಹತ್ತಿರ 'ನಮ್ಮ ಭಕ್ತರೊಬ್ಬರಿಗೆ' ಎಂದು ಸುಳ್ಳು ಹೇಳಿ ಗೇರೆಣ್ಣೆ ತಂದು ತಾನೇ ಹಚ್ಚಿಕೊಂಡ. ಆಣಿ ಇದ್ದ ಹಾಗೇ ಇತ್ತು, ಸುತ್ತಲ ಚರ್ಮ ಬೆಂದು ಬೊಬ್ಬೆಯೆದ್ದಿತು. ಕೊನೆಗೆ ಕ್ಷೌರದ ಚೆಲುವಯ್ಯನ ಮುಂದೆ ಬಾಗಿಲು ಹಾಕಿಕೊಂಡು ಕಾಲು ಚಾಚಿದ. ಚೆಲುವಯ್ಯ ಕತ್ತಿ ಮಸೆದು ಎರಡು ಪದರ ಎಬ್ಬಿಸಿದ್ದೇ ರಕ್ತ ಚಿಮ್ಮಿತು. ಅವನು ಕತ್ತಿ ಕೆಳಗಿಟ್ಟು ಕೈ ಮುಗಿದ. "ಬೇರು ಆಳದಲ್ಲಿ ಅದೆ ಬುದ್ಧಿ. ನನ್ನ ಕತ್ತಿ ಕೂದ್ಲಿಗೆ ಹುಟ್ಟಿದ್ದು, ಇದಕ್ಕೆ ಬಗ್ಗಾಕಿಲ್ಲ. ನರಸೀಪುರದ ತೊಗಲು ಕೆಲಸದೋರ ಕೇರೀಲಿ ಚಿಕ್ಕಮಾದು ಅಂತ ಅವ್ನೆ, ಅವನೆಂಡ್ತಿ ಮುತ್ತಮ್ಮ. ಆಣಿ ಅಂದ್ರೆ ಅವರೇಯ. ದೊಡ್ಡ ದೊಡ್ಡೋರೆಲ್ಲ ಮುಸುಕಾಕ್ಕಂಡು ಓಗಿ ಬತ್ತಾರಂತೆ. ಆದ್ರೆ..." ಆದ್ರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಆ ಕೇರಿಯ ಕೈ ಮುಟ್ಟಿದ ಕಾಲಿನ ನೀರನ್ನು ಯಾರು ಕುಡಿಯುತ್ತಾರೆ? ಚೆಲುವಯ್ಯ ಯಾರಿಗೂ ಬಾಯಿ ಬಿಡಲಿಲ್ಲ ನಿಜ. ಆದರೆ ಆಮೇಲೆ ಪ್ರತಿ ಕ್ಷೌರದ ದಿನ ಅವನು ರಾಚಯ್ಯನ ಗಲ್ಲ ಹಿಡಿದು ಕೆಳಗೊಮ್ಮೆ ಕಾಲಿನ ಕಡೆ ನೋಡುವ ನೋಟ ಬೇರೊಂದು ಆಣಿಯಾಗಿ ಬೆಳೆಯಿತು.

ಹೊಳೆದಾರಿ ಬಿಟ್ಟು ಎಡಕ್ಕೆ ತಿರುಗುವಲ್ಲಿ ಕಳ್ಳಿಬೇಲಿ. ಅದರ ಮರೆಯಲ್ಲಿ ನಿಂತು ರಾಚಯ್ಯ ಹೆಗಲ ವಸ್ತ್ರದಿಂದ ಹಣೆಯ ವಿಭೂತಿ ಒರೆಸಿಕೊಂಡ. ಕೊರಳ ಲಿಂಗದ ಕರಡಿಗೆಯನ್ನು ಒಳಗೆ ತೂರಿಸಿ, ಕಾವಿಯ ಮೇಲೆ ಬಿಳಿ ಪಂಚೆ ಹೊದ್ದುಕೊಂಡ. ಒರೆಸಿದ ಹಣೆ ತಣ್ಣಗಾಯಿತು, ಬೆತ್ತಲಾದ ಹಾಗೆ. ಹುಟ್ಟಿದಂದಿನಿಂದ ಯಾರ ಬೀದಿಯಲ್ಲೂ ಅವನು ಹೆದರಿ ಕಾಲಿಟ್ಟವನಲ್ಲ. ಹೆದರಿಕೆಯೇನಿದ್ದರೂ ಈ ಕೇರಿಯವರಿಗೆ, ಅವನ ನೆರಳು ಬಂದರೆ ಬದಿಗೆ ಸರಿಯುವ ಇವರಿಗೆ. ಇವತ್ತು ತಲೆಕೆಳಗು. ತೊಗಲು ಹದಮಾಡಲು ತಂಗಡಿ ಚಕ್ಕೆ ನೆನೆಹಾಕಿದ ಗುಂಡಿಗಳ ಒಗರು ವಾಸನೆ ಮೂಗಿಗಡರಿತು. ಮೂಗು ಮುಚ್ಚಲೆಂದು ಎತ್ತಿದ ಕೈಯನ್ನು ಅವನು, ಬೇಡಲು ಬಂದವನು ತಾನೆಂಬುದು ನೆನಪಾಗಿ ಕೆಳಗಿಳಿಸಿದ. ಹೊಂಗೆಮರದ ಕೆಳಗೆ ಒಬ್ಬ ಮುದುಕ ಕಲ್ಲಿನ ಮೇಲೆ ತೊಗಲು ಹರಡಿ ಬಡಿಯುತ್ತಿದ್ದ. ಕಣ್ಣೆರಡಕ್ಕೂ ಹಾಲಿನಂಥ ಪೊರೆ.

"ಯಾರಪ್ಪಾ? ಮರದ ಸಬ್ದ ಬತ್ತಾ ಅದೆ. ಎಡಗಾಲು ಎಳೀತಾ ಇವ್ರಿ" ಎಂದ ಮುದುಕ, ಬಡಿಯುವುದನ್ನು ನಿಲ್ಲಿಸದೆ.

"ನಾನು... ಮೂಗೂರ ಕಡೆಯವನು. ವ್ಯಾಪಾರ. ಚಿಕ್ಕಮಾದು ಅಂದ್ರೆ ನೀನೇನಪ್ಪ?"

"ನಾನೇಯ. ಕೂತ್ಕಳಿ. ಕೂರಾದು ಬ್ಯಾಡ ಅಂದ್ರೆ ನಿಂತ್ಕಳಿ. ಆದ್ರೆ ನಿಂತ್ರೆ ಕಾಲು ನನ್ನ ಕೈಗೆ ಎಂಗೆ ಸಿಕ್ಕದು?"

ರಾಚಯ್ಯ ಮಣ್ಣಿನ ಜಗಲಿಯ ಮೇಲೆ ಕೂತ. ಹಾವುಗೆ ಕಳಚಿದ. ಮುದುಕ ಎರಡು ಕೈಯನ್ನೂ ಮೊಣಕಾಲಿಗೆ ಒರೆಸಿಕೊಂಡು ಚಾಚಿದ. ಬೆರಳುಗಳು ಗಾಳಿಯಲ್ಲಿ ಒಂದು ಗಳಿಗೆ ತಡಕಿ ಕಾಲನ್ನು ಹಿಡಿದವು. ರಾಚಯ್ಯನ ಬೆನ್ನು ಸೆಟೆಯಿತು. ನಲವತ್ತೈದು ವರ್ಷದಲ್ಲಿ ಈ ಕಾಲನ್ನು ಸಾವಿರಾರು ಜನ ಮುಟ್ಟಿದ್ದರು, ಕಣ್ಣು ಮುಚ್ಚಿಕೊಂಡು, ನಡುಗುತ್ತಾ, ಏನನ್ನೋ ಬೇಡುತ್ತಾ. ಈ ಬೆರಳುಗಳು ಏನನ್ನೂ ಬೇಡಲಿಲ್ಲ. ಹಿಮ್ಮಡಿಯಿಂದ ಹೊರಟು ಅಂಚಿನಗುಂಟ ನಡೆದವು, ಹಳ್ಳದಲ್ಲಿ ನಿಂತವು, ಒಂದೊಂದು ಬೆರಳಿನ ಸಂದಿಯಲ್ಲೂ ಇಣುಕಿದವು, ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ. ಆಣಿಯ ಹತ್ತಿರ ಬಂದು, ಅದನ್ನು ಒತ್ತದೆ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದವು. ನೋಯಿಸದೆ ತನ್ನ ನೋವಿನ ಹತ್ತಿರ ಯಾರಾದರೂ ಬಂದದ್ದು ಇದೇ ಮೊದಲು ಎಂದು ರಾಚಯ್ಯನಿಗೆ ಅನ್ನಿಸಿತು.

"ಮುತ್ತೀ" ಎಂದು ಕೂಗಿದ ಚಿಕ್ಕಮಾದು. "ಬಿಸಿನೀರು ಮಡಗು, ರಂಪಿಗೆ ತತ್ತಾ." ಆಮೇಲೆ ದನಿ ತಗ್ಗಿಸಿ, "ಯಾಪಾರದೋರ ಕಾಲಲ್ಲ ಇದು. ಯಾಪಾರದೋರ್ಗೆ ಇಮ್ಮಡಿ ಬಿರಿದಿರ್ತದೆ. ಇದು ವಾರವಾರವೂ ನೀರ್ನಲ್ಲಿ ನೆಂದ ಕಾಲು, ಎಬ್ಬೆಳ್ಳ ಸಂದೀಲಿ ಆವುಗೆ ಗುಬುಟು ಕೂತ ಗಂಟು. ಉಗುರ ಸಂದೀಲಿ ಇನ್ನೂ ಇಬೂತಿ ಅದೆ. ಅಣೆ ವರಸ್ಕಂಡ್ರಿ, ಕಾಲು ವರಸ್ಕಳಾದು ಮರ್ತ್ರಿ ಬುದ್ದಿ."

ರಾಚಯ್ಯನಿಗೆ ಎದ್ದು ಓಡಬೇಕೆನ್ನಿಸಿತು. ಕಾಲು ಮುದುಕನ ಕೈಯಲ್ಲಿತ್ತು. ಬಿಡಿಸಿಕೊಂಡರೂ ಓಡುವ ಕಾಲಲ್ಲ. "ಯಾರಿಗೂ ಹೇಳಬೇಡಪ್ಪ" ಎಂದ, ತನ್ನ ದನಿ ತನಗೇ ಅಸಹ್ಯವಾಗುವ ಹಾಗೆ. "ನಂಬಿಕೆಯವರು ಅಂತ ಕೇಳಿ ಬಂದೆ."

ಅಷ್ಟರಲ್ಲಿ ಮುತ್ತಮ್ಮ ಮಡಿಕೆಯಲ್ಲಿ ಹಬೆಯಾಡುವ ನೀರು ಹಿಡಿದು ಗುಡಿಸಲಿನಿಂದ ಹೊರಬಂದವಳು, ಅವನನ್ನು ನೋಡಿ ಅಲ್ಲೇ ನಿಂತಳು. ಐವತ್ತರ ಹತ್ತಿರದ ಹೆಂಗಸು, ಒಣಕಲು ಮೈ, ಕಿವಿಯವರೆಗೂ ಹರಡಬಲ್ಲ ದೊಡ್ಡ ಬಾಯಿ. ಮಡಿಕೆ ಕೆಳಗಿಟ್ಟು ಕೈ ಜೋಡಿಸಿದಳು. "ಅಯ್ಯಯ್ಯೋ, ಬುದ್ದಿಯೋರು! ನನ್ನ ಗುರ್ತು ಸಿಗ್ನಿಲ್ವಾ? ಕವಲಂದೇಲಿ ನನಗೋಸ್ಕರ ಅತ್ತಿದ್ರಲ್ಲ!"

ಕವಲಂದೆ. ಎರಡು ವರ್ಷದ ಹಿಂದಿನ ಆ ಮಧ್ಯಾಹ್ನ ರಾಚಯ್ಯನೊಳಗೆ ಯಾವತ್ತೂ ಮುಗಿದೇ ಇರಲಿಲ್ಲ. ಚಪ್ಪರ, ಜನ, ಪುಟ್ಟಬಸವಯ್ಯನ ಹಣೆ ಅವನ ಪಾದದ ಮೇಲೆ. ಬೇಲಿಯಾಚೆ ಒಬ್ಬಳು ಮಡಿಕೆ ಹಿಡಿದು, 'ನಮ್ಮವ್ವ ಸಾಯ್ತಾವ್ಳೆ ಬುದ್ದಿ, ಒಂದು ತೊಟ್ಟು ಪಾದದ ನೀರು ಎತ್ತಾಕಿ' ಎಂದು ಕೂಗಿದಳು. ಯಾರೋ ಒಬ್ಬ ಕೋಲೆತ್ತಿಕೊಂಡು ಹೋದ. ಮಡಿಕೆ ಒಡೆದ ಸದ್ದು. ಅದೇ ಹೊತ್ತಿಗೆ ಪುಟ್ಟಬಸವಯ್ಯ ಇನ್ನಷ್ಟು ಒತ್ತಿದ, ರಾಚಯ್ಯನ ಕಣ್ಣು ತುಂಬಿ ಹರಿಯಿತು. ನೋಡಿ, ಎಂಥ ಕರುಣೆ, ಕೇರಿಯವಳಿಗೂ ಅಳ್ತಾರೆ, ಎಂದರು ಜನ. ಬಾಯಿ ಮಾಡಬೇಕಾದ ಕೆಲಸವನ್ನು ಕಣ್ಣು ಮಾಡಿ ಮುಗಿಸಿದಂತೆ ಎಲ್ಲರಿಗೂ ಕಂಡಿತು. ಅವನಿಗೂ ಅಷ್ಟೇ ಸಾಕಾಯಿತು. ಒಡೆದ ಮಡಿಕೆಯ ಚೂರು ಆರಿಸಿಕೊಂಡು ಹೋದ ಹೆಂಗಸಿನ ಬೆನ್ನನ್ನು ಅವನು ಎಷ್ಟೋ ರಾತ್ರಿ ನೋಡಿದ್ದ. ಮುಖವನ್ನು ಆವತ್ತೂ ನೋಡಿರಲಿಲ್ಲ.

"ತೌರಿಗೆ ಓಗಿದ್ದೆ" ಎನ್ನುತ್ತಿದ್ದಳು ಮುತ್ತಮ್ಮ, ಅವನ ಕಾಲನ್ನು ಬಿಸಿನೀರಿಗೆ ಇಳಿಸುತ್ತಾ. "ನಮ್ಮವ್ವನ್ಗೆ ಓಗಿ ಏಳ್ದೆ. ತೀರ್ತ ಸಿಗ್ನಿಲ್ಲ ಕಣವ್ವ, ಆದ್ರೆ ಅಯ್ಯನೋರು ನಿನಗೋಸ್ಕರ ಕಣ್ಣೀರು ಆಕುದ್ರು ಅಂದೆ. ನಗ್ತಾ ಪ್ರಾಣ ಬುಟ್ಲು. ಕೇರಿಗೆಲ್ಲ ಏಳೀವ್ನಿ ಬುದ್ದಿ. ಯಾರೋ ಒಬ್ರಾದ್ರೂ ಅತ್ರಲ್ಲಾ ಅಂತ."

ನೀರು ಹಿತವಾಗಿ ಸುಡುತ್ತಿತ್ತು. ಸುಮ್ಮನಿದ್ದರೆ ಸಾಕಾಗಿತ್ತು. ಆಣಿ ಹೋಗುತ್ತದೆ, ಗುಟ್ಟು ಉಳಿಯುತ್ತದೆ, ಇವಳ ಸಮಾಧಾನವೂ ಉಳಿಯುತ್ತದೆ. ಇವಳ ಸಮಾಧಾನ ಕೆಡಿಸುವ ಹಕ್ಕು ತನಗೆಲ್ಲಿದೆ, ಎಂದು ಒಳಗಿನವನು ಧರ್ಮ ಹೇಳತೊಡಗಿದ. ಆ ದನಿಯನ್ನು ರಾಚಯ್ಯ ಗುರುತಿಸಿದ. ಪ್ಲೇಗಿನ ತಾಯಿಯ ಮುಂದೆ ನಾಲಗೆಯನ್ನು ಮಲಗಿಸಿದವನು ಇವನೇ. ಯಾವಾಗಲೂ ಇನ್ನೊಬ್ಬರ ಒಳ್ಳೆಯದಕ್ಕೇ ಮಾತಾಡುವವನು.

"ಮುತ್ತಮ್ಮ" ಎಂದ. "ನಾನು ಆವತ್ತು ನಿನಗೋಸ್ಕರ ಅಳಲಿಲ್ಲ."

ಅವಳ ಕೈ ನೀರಿನೊಳಗೆ ನಿಂತಿತು.

"ಇದಕ್ಕೆ ಅತ್ತೆ. ಈ ಆಣಿಗೆ. ಪುಟ್ಟಬಸವಯ್ಯ ಕಾಲು ಒತ್ತಿದ. ಪ್ರಾಣ ಹೋದಂಗಾಯ್ತು. ಆರು ವರ್ಷದಿಂದ ಅತ್ತದ್ದೆಲ್ಲ ಹೆಚ್ಚುಕಮ್ಮಿ ಇದಕ್ಕೇ. ನೀನು ಕೂಗಿದ್ದು ಕೇಳಿಸಿತ್ತು, ಮಡಿಕೆ ಒಡೆದದ್ದೂ ಕೇಳಿಸಿತ್ತು. ಸುಮ್ಮನೆ ಕೂತಿದ್ದೆ."

ಮುತ್ತಮ್ಮ ನೀರಿನಲ್ಲಿದ್ದ ಕಾಲನ್ನು ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಕಾಲನ್ನು ನೋಡಿದಳು. ಉಗಿಯುತ್ತಾಳೆ ಎಂದುಕೊಂಡ ರಾಚಯ್ಯ. ಉಗಿಯಲಿ. ಅವಳ ದೊಡ್ಡ ಬಾಯಿ ಒಂದು ಮೂಲೆಯಲ್ಲಿ ನಡುಗಿತು, ಇನ್ನೊಂದು ಮೂಲೆಗೂ ಹಬ್ಬಿತು, ಸೆರಗು ತುರುಕಿದರೂ ತಡೆಯಲಾಗದೆ ಸಿಡಿಯಿತು. "ಆಣಿಗಾ! ಅಯ್ಯೋ ನಮ್ಮಪ್ಪಾ, ಆಣಿಗಾ! ನಾನು ಎಲ್ಡು ವರ್ಸದಿಂದ ಕೇರಿ ತುಂಬಾ ಸಾರ್ಕಂಡು ಬಂದಿವ್ನಲ್ಲೋ! ನಮ್ಮವ್ವ ಅಲ್ಲಿ ಮ್ಯಾಲೆ ಎಲ್ರಿಗೂ ಏಳ್ಕಂಡು ಕೂತವ್ಳಲ್ಲೋ!" ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡಳು. ಚಿಕ್ಕಮಾದು ಮೊದಲು "ಸುಮ್ಕಿರಮ್ಮಿ" ಎಂದು ಗದರಿ, ಅರ್ಧದಲ್ಲಿ ತಾನೂ ಕುಲುಕಾಡತೊಡಗಿದ. ರಾಚಯ್ಯ ಏನು ಮಾಡಬೇಕೋ ತಿಳಿಯದೆ, ತನ್ನ ಬಾಯಿಯಿಂದಲೂ ಏನೋ ಹೊರಬರುತ್ತಿರುವುದನ್ನು ಕೇಳಿದ. ನಗು. ಎಷ್ಟು ವರ್ಷವಾಗಿತ್ತು ಅದನ್ನು ಕೇಳಿ! ಅಳುವ ಅಯ್ಯನವರಿಗೆ ನಗುವ ಹಾಗಿರಲಿಲ್ಲ.

ನಗು ಇಳಿದ ಮೇಲೆ ಮುತ್ತಮ್ಮ ಕಣ್ಣೊರೆಸಿಕೊಂಡು, ಸ್ವಲ್ಪವೂ ದನಿಯೇರಿಸದೆ ಹೇಳಿದಳು: "ನಿಜವಾಗಿ ಅತ್ತಿದ್ರೂ ಅಷ್ಟೇಯ ಬುದ್ದಿ. ನಿಮ್ಮ ಕಣ್ಣೀರು ಕಟ್ಕಂಡು ನಮಗೇನಾಗ್ಬೇಕು? ಬಾಯಿ ಬುಟ್ಟು 'ಬುಡ್ರೋ ಅವಳ್ನ' ಅಂತ ಒಂದು ಮಾತು ಅಂದಿದ್ರೆ ನನ್ನ ಮಡಿಕೆ ಉಳೀತಿತ್ತು." ಆ ಮಾತು ಚೆಲುವಯ್ಯನ ಕತ್ತಿಗಿಂತ ಆಳಕ್ಕೆ ಹೋಯಿತು. ಆದರೆ ರಕ್ತ ಬರಲಿಲ್ಲ. ಕೀವಿದ್ದಲ್ಲಿಗೆ ಹೋದ ಹಾಗೆ ಹಗುರವಾಯಿತು. "ಹೌದು" ಎಂದ ಅವನು.

"ಈಗ ಕಾಲು ಕೊಡಿ" ಎಂದಳು, ಲೆಕ್ಕ ಮುಗಿದ ಹಾಗೆ. ನೆನೆದ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು, ತೊಗಲು ಕೊರೆಯುವ ಅಗಲ ಬಾಯಿಯ ರಂಪಿಗೆಯನ್ನು ಕಲ್ಲಿಗೆ ನಾಲ್ಕು ಸಲ ಎಳೆದು, ಬೆಂಕಿಗೆ ಹಿಡಿದಳು. ನಗು ಈಗ ಅವಳ ಮುಖದ ಹತ್ತಿರವೂ ಇರಲಿಲ್ಲ. "ನಾನು ಕೊರೀತೀನಿ, ಇವರು ಮುಟ್ಟಿ ಏಳ್ತಾರೆ. ಇವರ ಬೆಳ್ಳೇ ನನ್ನ ಕಣ್ಣು." ಒಂದು ಪದರ ಎದ್ದಿತು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಮುದುಕ ಮುಟ್ಟಿ "ಇನ್ನೂ" ಎಂದ. ಇನ್ನೊಂದು. "ಇನ್ನೂ. ಎಡಕ್ಕೆ ವಾಲಿಸು. ಬೇರು ಆ ಕಡೀಕೆ ವಾಲ್ಕಂಡದೆ." ಇನ್ನೊಂದು. ರಾಚಯ್ಯ ಹಲ್ಲು ಕಚ್ಚಿ ಕಾದ ನೋವು ಬರಲೇ ಇಲ್ಲ. ನೋವಿಗಾಗಿ ಕಾಯುವುದೂ ಒಂದು ರೂಢಿಯಾಗಿತ್ತೆಂದು ಹೊಳೆಯಿತು. "ಸಾಕು, ಈಗ ಮಗೀನ ಎತ್ತಂಗೆ ಎತ್ತು" ಎಂದ ಚಿಕ್ಕಮಾದು. ಅವಳು ರಂಪಿಗೆಯ ಮೂಲೆಯಿಂದ ಒಂದು ಸುತ್ತು ಹಾಕಿ ಏನನ್ನೋ ಹೊರಗೆಳೆದು ಅವನ ಅಂಗೈಗೆ ಹಾಕಿದಳು. ಜೋಳದ ಕಾಳಿನಷ್ಟಿರಲಿಲ್ಲ. ಹಳದಿ, ಗಟ್ಟಿ, ಮೊನೆಯುಳ್ಳದ್ದು. ರಾಚಯ್ಯ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ನಾಲ್ಕೂರಿನ ಭಕ್ತಿ, ಕಲ್ಲಿನ ಮಠ, ಗದ್ದುಗೆ, ಎಲ್ಲವೂ ಇಷ್ಟರ ಮೇಲೆ ನಿಂತಿತ್ತು. ಮುತ್ತಮ್ಮ ಹರಳೆಣ್ಣೆ ಸವರಿ, ಮಡಿಕೆಯ ನೀರನ್ನು ಸೋರೆಬಳ್ಳಿಯ ಬುಡಕ್ಕೆ ಸುರಿದಳು. "ಪಾದದ ನೀರು ಕಣಮ್ಮಿ" ಎಂದು ರೇಗಿಸಿದ ಚಿಕ್ಕಮಾದು. "ಬಳ್ಳಿಗೆ ಜಾತಿ ಇಲ್ಲ, ಕುಡ್ಕಳ್ಳಿ" ಎಂದಳು ಅವಳು.

ಮುದುಕ ಹಾವುಗೆಗಳನ್ನು ತಡವಿ ನೋಡಿ ನಾಲಗೆ ಲೊಚಗುಟ್ಟಿದ. "ಇದರ ಮ್ಯಾಲೆ ನಿಂತ್ರೆ ಆರು ತಿಂಗ್ಳಿಗೆ ಮತ್ತೆ ಬತ್ತದೆ. ಅಲಗೆ ಒಂದು ಕಡೀಕೆ ಸವ್ದು ದಿಣ್ಣೆ ಎದ್ದದೆ. ಯಾರು ಕೆತ್ತುದ್ರೋ, ಕಾಲು ನೋಡಿ ಕೆತ್ನಿಲ್ಲ." ಗುಡಿಸಲ ಗೋಡೆಗೆ ನೇತುಹಾಕಿದ್ದ ಒಂದು ಜೊತೆ ತೊಗಲಿನ ಮೆಟ್ಟು ಇಳಿಸಿ, ಎಡದ ಅಟ್ಟೆಯಲ್ಲಿ ಆಣಿಯಿದ್ದ ಜಾಗ ಕೂರುವಲ್ಲಿ ಸಣ್ಣದೊಂದು ಗುಳಿ ಕೊರೆದು, ಅದರೊಳಗೆ ಮೆತ್ತನೆ ತೊಗಲು ಹೊಂದಿಸಿದ. "ಆಕ್ಕಳಿ." ರಾಚಯ್ಯ ಎದ್ದು ನಿಂತ. ಎಡಗಾಲು ನೆಲಕ್ಕೆ ತಾಗಿತು, ಸುಮ್ಮನೆ ತಾಗಿತು, ಬಲಗಾಲಿನ ಹಾಗೆ. ಒಂದು ಹೆಜ್ಜೆ. ಇನ್ನೊಂದು. ಬೇಕೆಂದೇ ಕಲ್ಲಿದ್ದ ಕಡೆ ಹೋದ. ಮೆಟ್ಟು ಬಿಟ್ಟು ಬರಿಗಾಲಲ್ಲಿ ಹೋದ. ತಂಗಡಿ ಗುಂಡಿಗಳ ನಡುವೆ ಹಾರಿದ. ಚಿಕ್ಕಂದಿನಲ್ಲಿ ಕಪಿಲೆಯ ಮರಳಲ್ಲಿ, ಕೊರಳಿಗೆ ಲಿಂಗ ಬಂದ ಮೇಲೂ ಅಪ್ಪನ ಕಣ್ಣು ತಪ್ಪಿಸಿ ಆಡುತ್ತಿದ್ದ ಕೋಲಾಟದ ಹೆಜ್ಜೆ ಕಾಲಿಗೆ ತಾನಾಗಿ ಬಂತು: ಎರಡು ಹಿಂದಕ್ಕೆ, ಒಂದು ಸುತ್ತು, ಎರಡು ಮುಂದಕ್ಕೆ. ಹೊದ್ದ ಪಂಚೆ ಜಾರಿ ಕಾವಿ ಕಂಡಿತು. "ಬನ್ರೇ, ಬುದ್ದಿಯೋರು ಕುಣೀತಾವ್ರೆ" ಎಂದು ಯಾರೋ ಕೂಗಿದರು. ಗುಡಿಸಲುಗಳಿಂದ ಹೆಂಗಸರು ಬಂದು, ಬಾಯಿಗೆ ಸೆರಗಿಟ್ಟು ನಿಂತರು. ಒಬ್ಬಳು ತಾಳ ಹಾಕಿದಳು.

ಏದುಸಿರು ಬಿಡುತ್ತಾ ಕೂತು, "ನಾನೇನು ಕೊಡಲಪ್ಪ?" ಎಂದು ಕೇಳಿದ.

ಚಿಕ್ಕಮಾದು ಕೈಯೊರೆಸಿಕೊಂಡ. "ಇಲ್ಲಿಗೆ ಬರೋರೆಲ್ಲ ಕೊಟ್ಟೇ ಓಯ್ತಾರೆ ಬುದ್ದಿ. ಮುಸುಕಾಕ್ಕಂಡು ಬತ್ತಾರೆ, ಮುಸುಕಾಕ್ಕಂಡು ಓಯ್ತಾರೆ. ನಾಳೆ ಬೀದೀಲಿ ಸಿಕ್ಕುದ್ರೆ ನಮ್ಮ ನೆರಳಿಗೂ ದೂರ. ನಂಬಿಕೆಯೋರು ಅಂತ ನಮ್ಮನ್ನ ಉಡಿಕ್ಕಂಡು ಬಂದ್ರಿ. ನಾವು ನಿಮ್ಮನ್ನ ನಂಬಬೋದಾ? ಕಾಲು ಯಾರು ವಾಸಿ ಮಾಡುದ್ರು ಅಂತ ಕೇಳುದ್ರೆ ನಮ್ಮ ಎಸ್ರು ಏಳಿ. ಅಷ್ಟು ಸಾಕು."

ಪೇಟೆ ಬೀದಿಯಲ್ಲಿ ಹಿಂತಿರುಗುವಾಗ ಆ ಮಾತು ಅವನ ಜೊತೆಗೇ ನಡೆಯಿತು. ಹೆದರಿಕೆಯೂ ಇತ್ತು. ಆದರೆ ಕಾಲು ಅವನ ಮಾತು ಕೇಳದೆ ಬೀಸಾಗಿ ಬೀಳುತ್ತಿತ್ತು. ಹೆದರಿಕೆ ಹಿಂದೆ ಬಿದ್ದು ಓಡಿ ಬರಬೇಕಾಯಿತು. ಪುಟ್ಟಬಸವಯ್ಯನ ಅಂಗಳ ತುಂಬಿತ್ತು. ತೊಗಲಿನ ಮೆಟ್ಟು ಬಾಗಿಲಲ್ಲಿ ಬಿಟ್ಟು, ಹಾವುಗೆ ಎಲ್ಲಿ ಎಂದು ಕೇಳಿದವರಿಗೆ ಉತ್ತರ ಕೊಡದೆ, ಪೀಠದ ಮೇಲೆ ಕೂತ. ಮಲ್ಲಾಜಮ್ಮ ತಂಬಿಗೆ ಹಿಡಿದು ಬದಿಯಲ್ಲಿ ನಿಂತಿದ್ದಳು. ಪುಟ್ಟಬಸವಯ್ಯ ಕಾಲು ತೊಳೆದ, ಪತ್ರೆಯೇರಿಸಿದ, ಎಂದಿನಂತೆ ಉಸಿರು ಕಟ್ಟಿ ಹಣೆಯೊತ್ತಿದ. ಜನ ಕತ್ತು ಚಾಚಿ ಕೆನ್ನೆಗಳನ್ನು ನೋಡಿದರು. ಏನಿಲ್ಲ. ಇನ್ನೂ ಒತ್ತಿದ. ಏನಿಲ್ಲ. ಕೊನೆಗೆ ಕಾಲನ್ನೆತ್ತಿ ಅಂಗಾಲಿಗೆ ಕಣ್ಣು, ಮೂಗು, ಗಿರಿಜಾಮೀಸೆ ಎಲ್ಲವನ್ನೂ ಒತ್ತಿಕೊಂಡ. ಆಗತಾನೆ ಬೆಳಕು ಕಂಡ ಎಳೆ ಚರ್ಮದ ಮೇಲೆ ಮೀಸೆ ಆಡಿದ್ದೇ ತಡ, ರಾಚಯ್ಯ ಕಚಗುಳಿ ತಡೆಯದೆ ಕಿಸಕ್ಕೆಂದು ನಕ್ಕ. ತಡೆದುಕೊಳ್ಳಲು ನೋಡಿದ, ಮುತ್ತಮ್ಮನ ಬಾಯಿ ನೆನಪಾಗಿ ಇನ್ನೂ ಜೋರಾಗಿ ನಕ್ಕ.

"ಬುದ್ಧಿ!" ಪುಟ್ಟಬಸವಯ್ಯ ಕಂಗಾಲಾಗಿ ತಲೆಯೆತ್ತಿದ. "ಏನಾಯ್ತು ಬುದ್ಧಿ? ಕಣ್ಣೀರು?"

"ಹೋಯ್ತು ಕಣಯ್ಯ. ಆಣಿ ಜೊತೆಗೇ ಹೋಯ್ತು." ದನಿ ಮೊದಲು ನಡುಗಿತು, ಆಮೇಲೆ ಕಾಲಿನ ಹಾಗೆ ನೆಲ ಸಿಕ್ಕಿ ನಿಂತಿತು. "ನಾನು ಅಳುತ್ತಿದ್ದದ್ದು ಅಂಗಾಲಿನ ಆಣಿಗೆ. ನೀವು ಒತ್ತುತ್ತಿದ್ರಿ, ನೋಯುತ್ತಿತ್ತು. ಇವತ್ತು ಬೆಳಿಗ್ಗೆ ತೊಗಲು ಕೇರಿಯ ಚಿಕ್ಕಮಾದು, ಮುತ್ತಮ್ಮ ಅದನ್ನ ತೆಗೆದರು. ಮಡಿಲ ಮೇಲಿಟ್ಟುಕೊಂಡು ತೆಗೆದರು. ಕವಲಂದೆಯಲ್ಲಿ ನಾವೆಲ್ಲ ಕೂತು ಮಡಿಕೆ ಒಡೆಸಿದೆವಲ್ಲ, ಅದೇ ಮುತ್ತಮ್ಮ."

ಅಂಗಳದಲ್ಲಿ ಗುಜುಗುಜು ಎದ್ದಿತು. ತೀರ್ಥಕ್ಕೆ ಚಾಚಿದ್ದ ಕೈಗಳು ಒಂದೊಂದಾಗಿ ಮಡಚಿಕೊಂಡವು. ಪುಟ್ಟಬಸವಯ್ಯ ಮೀಸೆಯನ್ನು ವಸ್ತ್ರದಿಂದ ಉಜ್ಜಿಕೊಳ್ಳುತ್ತಲೇ ಹತ್ತಿರ ಬಂದು ಪಿಸುಗುಟ್ಟಿದ: "ಒಳಕ್ಕೆ ಬನ್ನಿ ಬುದ್ಧಿ. ಗಂಜಲ ಹಾಕಿ ತೊಳೆದುಬಿಡೋಣ. ತಮಾಷೆಗೆ ಅಂದೆ ಅನ್ನಿ. ಮಠ ತಯಾರಾಗಿ ನಿಂತದೆ. ಒಸಿ ಅತ್ತುಬಿಡಿ, ನಿಮ್ಮ ದಮ್ಮಯ್ಯ." ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಡಿಕೆಯಿತ್ತು. ಗದ್ದುಗೆಯ ಮೇಲಿನ ಹೊಸ ಕಲ್ಲು ಬಿಸಿಲಿಗೆ ಹೊಳೆಯುವುದು ರಾಚಯ್ಯನಿಗೆ ಇಲ್ಲಿಂದಲೇ ಕಂಡ ಹಾಗಾಯಿತು. "ಅಳು ಬರ್ತಿಲ್ಲ ಕಣಯ್ಯ ಪುಟ್ಟಬಸವಯ್ಯ" ಎಂದ, ಎಲ್ಲರಿಗೂ ಕೇಳುವಂತೆ. "ಎಲ್ಲಿಂದ ತರಲಿ?"

ಊಟಕ್ಕೆ ಹಾಕಿದ್ದ ಎಲೆಗಳನ್ನು ಬಿಟ್ಟು ಜನ ಎದ್ದು ಹೋದರು. ಕೆಲವರು ಬೈದರು, ಒಬ್ಬಿಬ್ಬರು ಹೋಗುತ್ತಾ ತಿರುಗಿ ನಕ್ಕರು. ಪುಟ್ಟಬಸವಯ್ಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಖಾಲಿಯಾದ ಅಂಗಳದಲ್ಲಿ ಪೀಠ, ತಟ್ಟೆಯ ನೀರು, ತಂಬಿಗೆ ಹಿಡಿದ ಮಲ್ಲಾಜಮ್ಮ. ಈಗ ಇವಳಿಗೆ ಏನು ಹೇಳುವುದು ಎಂದುಕೊಳ್ಳುವಷ್ಟರಲ್ಲಿ ಅವಳು ತಂಬಿಗೆ ಕೆಳಗಿಟ್ಟು, ಮಂಡಿಯೂರಿ ಅವನ ಎಡಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಆ ಜಾಗವನ್ನು ಒತ್ತಿ ನೋಡಿದಳು.

"ಚೆನ್ನಾಗಿ ತೆಗ್ದವ್ರೆ. ಬೇರು ಸಮೇತ."

"ನಿನಗೆ ಗೊತ್ತಿತ್ತಾ?"

"ಆರು ವರ್ಷದಿಂದ ದಿನಾ ಕಾಲಿಗೆ ನೀರು ಹಾಕೋಳು ನಾನು. ಗೊತ್ತಿಲ್ದೆ ಇರ್ತದಾ? ಇಲ್ಲದ ಕೆಮ್ಮಿಗೆ ಎದೆ ಬೇರೆ ನೀವಿಸಿಕೊಂಡ್ರಿ."

"ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

"ನೀವು ಹೇಳ್ತೀರೇನೋ ಅಂತ ಕಾಯ್ತಿದ್ದೆ." ತಟ್ಟೆಯ ನೀರಲ್ಲಿ ತೇಲುತ್ತಿದ್ದ ಪತ್ರೆಯೊಂದನ್ನು ತೆಗೆದು ಬದಿಗಿಟ್ಟಳು. ಆಮೇಲೆ ಏನೋ ನಾಚಿದ ಹಾಗೆ ಸೆರಗು ಎಳೆದುಕೊಂಡು, "ಆ ಮುತ್ತಮ್ಮನ ಮನೆ ಎಷ್ಟು ದೂರ?" ಎಂದು ಕೇಳಿದಳು. "ನನಗೂ ಒಂದಿದೆ ಕಣ್ರೀ. ಬಲಗಾಲಲ್ಲಿ. ಹೊಳೆಯಿಂದ ನಿಮ್ಮ ಪೂಜೆಗೆ ನೀರು ಹೊತ್ತೂ ಹೊತ್ತೂ ಆಗಿದ್ದು. ಹತ್ತು ವರ್ಷವಾಯ್ತು."

ರಾಚಯ್ಯ ಪೀಠದಿಂದ ಇಳಿದ. ನೆಲದ ಮೇಲೆ ಅವಳೆದುರು ಕೂತು, ಬೇಡಿ ಬೇಡಿ ಎನ್ನುತ್ತಿದ್ದವಳ ಬಲಗಾಲನ್ನು ಎಳೆದುಕೊಂಡು ನೋಡಿದ. ಮೂವತ್ತು ವರ್ಷದ ಸಂಸಾರದಲ್ಲಿ ಆ ಕಾಲು ಹೇಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಬಿರಿದ ಹಿಮ್ಮಡಿ, ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ, ಅಂಗಾಲಿನ ನಡುವೆ ತನ್ನದರ ಎರಡರಷ್ಟು ದೊಡ್ಡ ಆಣಿ. ಅಷ್ಟು ಹೊತ್ತು ಎಲ್ಲಿತ್ತೋ, ಯಾರೂ ಒತ್ತದೆ ಕಣ್ಣು ತುಂಬಿ ಬಂತು. "ಅಳಬೇಡಿ, ಜನ ಮತ್ತೆ ಬಂದಾರು" ಎಂದಳು ಮಲ್ಲಾಜಮ್ಮ. ಇಬ್ಬರೂ ನಕ್ಕರು. ಬಾಗಿಲಲ್ಲಿದ್ದ ತೊಗಲಿನ ಮೆಟ್ಟನ್ನು ಅವನು ಅವಳ ಕಾಲಿಗೆ ತೊಡಿಸಿದ, ಎರಡಂಗುಲ ದೊಡ್ಡದಾಯಿತು. ನಡುಹಗಲಿನಲ್ಲಿ, ಪೇಟೆಯ ಅಂಗಡಿಗಳವರೆಲ್ಲ ಎದ್ದು ನಿಂತು ನೋಡುತ್ತಿರುವಾಗ, ಅವಳು ಮೆಟ್ಟು ಪಟಪಟ ಬಡಿಯುತ್ತಾ ಮುಂದೆ, ಅವನು ಬರಿಗಾಲಲ್ಲಿ ಹಿಂದೆ, ಕಾದ ಮಣ್ಣಿಗೆ ಒಂದೊಂದು ಸಲ ಹಾರುತ್ತಾ, ಕಳ್ಳಿಬೇಲಿಯ ಕಡೆ ಇಳಿದರು. "ಬುದ್ಧಿ, ಎಲ್ಲಿಗೆ ಹೊರಟ್ರಿ?" ಎಂದು ಯಾರೋ ಅಂಗಡಿಯಿಂದ ಕೂಗಿದರು. ರಾಚಯ್ಯ ನಿಂತು, ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಎರಡು ಹೆಸರು ಹೇಳಿದ.